ಮೂರು ಸಲ ಬಿದ್ದವನನ್ನು ತೋರಿಸಿ ನಮ್ಮ ಶಾಲೆಯ ಪಟ ಇಳಿಸಬೇಡಿ

2025ರ ಜೂನ್ ತಿಂಗಳು. ಶಾಲೆ ಶುರುವಾದ ಮೂರನೆಯ ದಿನ ಇಬ್ಬರು ಪಾಲಕರು ಆಫೀಸ್ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಅವರಲ್ಲಿ ಒಬ್ಬ ನಮ್ಮ ಕೈಯಲ್ಲೇ ಕಲಿತವನು. ಮಕ್ಕಳ ದಾಖಲೆ ಕೊಡ್ರಿ, ಇಂಗ್ಲಿಷ್ ಶಾಲೆಗೆ ಹಾಕ್ತೀವಿ ಅಂದರು. ಯಾಕಪ್ಪಾ ಅಂತ ಕೇಳಿದೆವು. ನಮ್ಮ ಹಳೆಯ ವಿದ್ಯಾರ್ಥಿ ತಲೆ ತಗ್ಗಿಸಿಕೊಂಡೇ ಹೇಳಿದ, "ಬ್ಯಾಸರಾ ಮಾಡ್ಕೋಬ್ಯಾಡ್ರಿ ಮಾಸ್ತರ. ನಿಮ್ಮ ಸಾಲ್ಯಾಗ ಎಲ್ಲಾರಿಗಿಂತ ಶಾಣ್ಯಾ ಅನಿಸಿಕೊಂಡಾವನ ಮೂರ ಸಲ ನಪಾಸ ಆದ. ಇನ್ನ ನಮ್ಮ ಹುಡುಗೋರ ಗತಿ ಏನ್ರಿ?"

ಈ ಮಾತು ಅವನದಲ್ಲ, ಎಲ್ಲಿಂದ ಬಂತು ಅನ್ನುವುದು ನಮಗೆ ಗೊತ್ತಿತ್ತು. ಹಿಂದಿನ ವಾರ ನಮ್ಮೂರಲ್ಲಿ ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳ ಸತ್ಕಾರ ಸಮಾರಂಭ ಇತ್ತು. ಶಾಲು, ತೆಂಗಿನಕಾಯಿ, ಫೋಟೋ ಎಲ್ಲ ಆದ ಮೇಲೆ ಒಬ್ಬ ಮುಖಂಡರು ಮೈಕ್ ಹಿಡಿದು, ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗನ ಕಡೆ ಕೈ ತೋರಿಸಿ, ಕನ್ನಡದಲ್ಲಿ ಕಲಿತರೆ ಹೀಗಾಗುತ್ತದೆ ನೋಡಿ ಎಂದು ಭಾಷಣ ಬಿಗಿದಿದ್ದರು. ಆ ಹುಡುಗ ಎದ್ದು ಹೋಗಲಿಲ್ಲ. ಕುರ್ಚಿ ಎತ್ತಿಡುವವರೆಗೂ ಇದ್ದು, ಎತ್ತಿಡಲು ಕೈಜೋಡಿಸಿಯೇ ಮನೆಗೆ ಹೋದ. ನಾವೂ ಅಲ್ಲೇ ಇದ್ದೆವು. ಎದ್ದು ನಿಂತು ಉತ್ತರ ಕೊಡಬೇಕಿತ್ತು, ಕೊಡಲಿಲ್ಲ. ಅಂದು ನುಂಗಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ವಿಷಯ ಏನು ಅಂತ ತಿಳಿದುಕೊಳ್ಳೋಣ. ಯಾಕೆಂದರೆ ಆ ಸಭೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಆ ಹುಡುಗ ಬರೆದ ಪರೀಕ್ಷೆ ಯಾವುದು ಅನ್ನುವುದೇ ಗೊತ್ತಿರಲಿಲ್ಲ. ಅದರ ಹೆಸರು ಕ್ಯಾಟ್. ಐ.ಐ.ಎಂ. ಎಂಬ ಕೇಂದ್ರ ಸರಕಾರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ. 1961ರಲ್ಲಿ ಕೋಲ್ಕತ್ತ ಮತ್ತು ಅಹಮದಾಬಾದಿನಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಇವು ಹುಟ್ಟಿದವು. ಈಗ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಇವೆ, ನಮ್ಮ ರಾಜ್ಯದಲ್ಲೇ ನಾಗಪುರ ಮತ್ತು ಮುಂಬಯಿಯಲ್ಲಿ ಇವೆ. ವರ್ಷಕ್ಕೆ ಒಂದೇ ಸಲ, ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ ಪರೀಕ್ಷೆ. ಎರಡು ತಾಸು. ಮೂರು ಭಾಗ: ಇಂಗ್ಲಿಷ್ ಓದು, ತರ್ಕ ಮತ್ತು ಅಂಕಿಅಂಶ, ಗಣಿತ. ಒಂದೊಂದಕ್ಕೂ ನಲವತ್ತು ನಿಮಿಷ. 2024ರಲ್ಲಿ ಒಟ್ಟು 68 ಪ್ರಶ್ನೆ ಇದ್ದವು.

ಇದರಲ್ಲಿ ನಪಾಸ್ ಅನ್ನುವುದೇ ಇಲ್ಲ ಸ್ವಾಮಿ! ಮೂವತ್ತೈದು ಬಂದರೆ ಪಾಸ್, ಮೂವತ್ನಾಲ್ಕು ಬಂದರೆ ನಪಾಸ್ ಎನ್ನುವ ನಮ್ಮ ಶಾಲೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಕೊಡುವುದು ಪರ್ಸೆಂಟೈಲ್. ನೂರರಲ್ಲಿ ಎಷ್ಟು ಅಂಕ ಎಂಬುದಲ್ಲ, ನೂರು ಜನರಲ್ಲಿ ಎಷ್ಟು ಜನ ನಿಮ್ಮ ಹಿಂದಿದ್ದಾರೆ ಎಂಬುದು. ನಮ್ಮ ಹುಡುಗ ಮೂರನೆಯ ಸಲ, 2024ರ ನವೆಂಬರ್ 24ರಂದು ಬರೆದಾಗ ಅವನಿಗೆ ಬಂದದ್ದು 79. ಆ ವರ್ಷ ಹಾಜರಾದವರು 2.93 ಲಕ್ಷ ಜನ. ಅಂದರೆ 2 ಲಕ್ಷ 30 ಸಾವಿರಕ್ಕಿಂತ ಹೆಚ್ಚು ಪದವೀಧರರು ಅವನ ಹಿಂದಿದ್ದರು. ಅವರಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಕಲಿತವರು ಎಷ್ಟು ಸಾವಿರವೋ! ಮುಖಂಡರ ಲೆಕ್ಕ ಹಿಡಿದರೆ ಅವರ ಶಾಲೆಗಳನ್ನೆಲ್ಲ ಮೊದಲು ಮುಚ್ಚಬೇಕಾಗುತ್ತದೆ.

ಅವನ ಅಂಕಿಗಳನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಕೊಡುತ್ತಿದ್ದೇವೆ. 2022ರಲ್ಲಿ 34. 2023ರಲ್ಲಿ 58. 2024ರಲ್ಲಿ 79. ಸತ್ಕಾರದ ದಿನ ಬೈಸಿಕೊಂಡ ಮೇಲೆ ಮತ್ತೆ ಕೂತು, 2025ರ ನವೆಂಬರ್ 30ರಂದು ನಾಲ್ಕನೆಯ ಸಲ ಬರೆದ. 90 ಬಂತು. ಏಳನೆಯ ತರಗತಿಯವರೆಗೆ ನಮ್ಮ ಜಿಲ್ಲಾ ಪರಿಷತ್ ಶಾಲೆ, ಹತ್ತರವರೆಗೆ ಕನ್ನಡವೇ, ಆಮೇಲೆ ಅಕ್ಕಲಕೋಟದಲ್ಲಿ ಕಾಮರ್ಸ್, ಸೊಲ್ಲಾಪುರದಲ್ಲಿ ಬಿ.ಕಾಂ. ಹಗಲು ಸೊಲ್ಲಾಪುರದ ಒಂದು ಟವೆಲ್ ಕಾರಖಾನೆಯಲ್ಲಿ ಲೆಕ್ಕ ಬರೆಯುತ್ತಾನೆ. ನಾಲ್ಕು ವರ್ಷ ಇವನು ಅಪ್ಪನ ದುಡ್ಡಿನಲ್ಲಿ ಕೂತು ತಿಂದವನಲ್ಲ, ಇದನ್ನೂ ಆ ಭಾಷಣದಲ್ಲಿ ಯಾರೂ ಹೇಳಲಿಲ್ಲ.

90 ಬಂದರೂ ಯಾವ ಐ.ಐ.ಎಂ.ನಿಂದಲೂ ಅವನಿಗೆ ಕರೆ ಬಂದಿಲ್ಲ. ಇದನ್ನು ಮುಚ್ಚಿಡುವುದಿಲ್ಲ. 2025ರಲ್ಲಿ ಬರೆದವರು 2.58 ಲಕ್ಷ. ಅಂದಮೇಲೆ 90 ಪರ್ಸೆಂಟೈಲ್‌ನವನ ಮುಂದೆ ಇನ್ನೂ ಇಪ್ಪತ್ತೈದು ಸಾವಿರ ಜನ ನಿಂತಿರುತ್ತಾರೆ. ಇನ್ನು ಗೆಲ್ಲದವನ ಪರವಾಗಿ ಯಾಕೆ ಇಷ್ಟು ಉದ್ದ ಬರೆಯುತ್ತಿದ್ದೀರಿ ಅಂತ ನೀವು ಕೇಳಬಹುದು. ಗೆದ್ದವನ ಪರವಾಗಿ ಬರೆಯಲು ಪೇಪರಿನವರಿದ್ದಾರೆ, ಕ್ಲಾಸಿನವರ ಬ್ಯಾನರುಗಳಿವೆ. ಅವನಿಗೆ ನಮ್ಮ ಲೇಖನ ಬೇಕಿಲ್ಲ.

ಈಗ ನಮ್ಮ ತಪ್ಪಿಗೆ ಬರೋಣ. ಕನ್ನಡ ಮಾಧ್ಯಮದ ಮಾಸ್ತರರು ತಮ್ಮ ತಪ್ಪನ್ನು ತಾವೇ ಹೇಳದಿದ್ದರೆ ಬೇರೆಯವರು ಅದನ್ನು ಭಾಷೆಯ ತಪ್ಪು ಎಂದು ಹೇಳುತ್ತಾರೆ.

ಮೊದಲ ಸಲದ 34 ಯಾಕೆ ಬಂತು? ಹುಡುಗನನ್ನು ಮನೆಗೆ ಕರೆಸಿ, ಅವನ ಉತ್ತರಗಳ ಪಟ್ಟಿ ಹಿಡಿದುಕೊಂಡು ಕೂತೆವು. ಕ್ಯಾಟ್‌ನವರು ಅಭ್ಯರ್ಥಿಯ ಉತ್ತರಗಳನ್ನೂ ಸರಿ ಉತ್ತರಗಳನ್ನೂ ಕೊಡುತ್ತಾರೆ, ಇದು ಒಳ್ಳೆಯ ಪದ್ಧತಿ. ನೋಡಿದರೆ ಅವನು ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗೂ ಉತ್ತರ ಒತ್ತಿದ್ದ. ಇದೇನೋ, ಇಷ್ಟೆಲ್ಲಾ ಗೊತ್ತಿತ್ತಾ ಅಂದೆವು. ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಒಂದೂ ಪ್ರಶ್ನಿ ಬಿಟ್ಟು ಬರಬ್ಯಾಡ್ರಿ ಅಂತ ನೀವ ಹೇಳತಿದ್ರಿ ಸರ್."

ಹೌದು, ನಾವೇ ಹೇಳುತ್ತಿದ್ದೆವು. ಈಗಲೂ ಪ್ರತಿ ಪರೀಕ್ಷೆಯ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೇಳುತ್ತೇವೆ. ನಮ್ಮ ಪರೀಕ್ಷೆಗೆ ಅದು ಸರಿ. ಕ್ಯಾಟ್‌ನಲ್ಲಿ ಸರಿ ಉತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ 1 ಅಂಕ ಕಡಿತ. ನಾಲ್ಕು ಆಯ್ಕೆ ಇರುವ ಹನ್ನೆರಡು ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರ ಒತ್ತಿದರೆ ಸರಾಸರಿ ಮೂರು ಸರಿ, ಒಂಬತ್ತು ತಪ್ಪು. ಒಂಬತ್ತು ಅಂಕ ಬಂತು, ಒಂಬತ್ತು ಹೋಯಿತು, ಕೈಗೆ ಸೊನ್ನೆ. ಸಮಯ ಹಾಳಾದದ್ದು ಬೇರೆ. ಒಟ್ಟು ಅಂಕದ ಅರ್ಧದ ಆಸುಪಾಸು ಬಂದವರೂ 99 ಪರ್ಸೆಂಟೈಲ್ ಮುಟ್ಟುವ ಪರೀಕ್ಷೆ ಅದು. ಯಾವುದನ್ನು ಬಿಡಬೇಕು ಎಂದು ಗೊತ್ತಿರುವವನಿಗೆ ಮಾಡಿದ ಪರೀಕ್ಷೆ. ಹದಿನೈದು ವರ್ಷ ಬಿಡಬಾರದು ಅಂತ ಕಲಿತ ಹುಡುಗ ಬಿಡುವುದನ್ನು ಕಲಿಯಲು ಒಂದು ವರ್ಷ ತೆಗೆದುಕೊಂಡ. ಆ ವರ್ಷ ವ್ಯರ್ಥ ಆಯಿತೆನ್ನುತ್ತೀರಾ?

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಅಲ್ಲಿಯ ಇಂಗ್ಲಿಷ್ ಭಾಗದಲ್ಲಿ 24 ಪ್ರಶ್ನೆಗಳಿದ್ದರೆ 16 ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವುದರ ಮೇಲೆ. ನಾಲ್ಕು ಲೇಖನದ ತುಂಡು ಕೊಡುತ್ತಾರೆ, ಒಂದೊಂದರ ಮೇಲೆ ನಾಲ್ಕು ಪ್ರಶ್ನೆ. ವ್ಯಾಕರಣ ಕೇಳುವುದಿಲ್ಲ. ಈ ಲೇಖಕ ಏನನ್ನು ಒಪ್ಪುವುದಿಲ್ಲ? ಇವುಗಳಲ್ಲಿ ಯಾವ ಮಾತು ನಿಜವಾದರೆ ಇವನ ವಾದ ಸಡಿಲವಾಗುತ್ತದೆ? ಇಂಥವು. ನಮ್ಮ ಹುಡುಗನಿಗೆ ಆ ಭಾಗದಲ್ಲಿ ಮೊದಲ ಸಲ 12 ಪರ್ಸೆಂಟೈಲ್ ಬಂದಿತ್ತು. ಗಣಿತದಲ್ಲಿ 62. ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಅಂತ ಎಲ್ಲರೂ ಅಂದರು. ನಾವೂ ಮೊದಲು ಹಾಗೇ ಅಂದುಕೊಂಡೆವು.

ಆಮೇಲೆ ಒಂದು ದಿನ ಪರೀಕ್ಷೆ ಮಾಡಿ ನೋಡಿದೆವು. ಅಂಥದೇ ಒಂದು ತುಂಡನ್ನು ನಾವು ಕನ್ನಡದಲ್ಲಿ ಬರೆದು, ಅಂಥದೇ ನಾಲ್ಕು ಪ್ರಶ್ನೆ ಹಾಕಿ ಅವನಿಗೆ ಕೊಟ್ಟೆವು. ನಾಲ್ಕರಲ್ಲಿ ಮೂರು ತಪ್ಪಿದ. ಕನ್ನಡದಲ್ಲಿ! ಪದ ಎಲ್ಲಾ ಗೊತ್ತು, ವಾಕ್ಯ ಎಲ್ಲಾ ಗೊತ್ತು. ಬರೆದವನ ಮನಸ್ಸಿನೊಳಗೆ ಹೊಕ್ಕು ನೋಡುವುದು ಗೊತ್ತಿಲ್ಲ. ಹೇಗೆ ಗೊತ್ತಿರಬೇಕು? ಏಳು ವರ್ಷ ನಾವು ಅವನಿಗೆ ಕೇಳಿದ ಪ್ರಶ್ನೆ ಯಾವುದು? "ಈ ಮಾತನ್ನು ಯಾರು ಯಾರಿಗೆ ಹೇಳಿದರು?" "ಬಿಟ್ಟ ಸ್ಥಳ ತುಂಬಿರಿ." "ಹೊಂದಿಸಿ ಬರೆಯಿರಿ." ಪಾಠದಲ್ಲಿ ಹೇಳಿದ ಮಾತು ಸರಿಯೋ ತಪ್ಪೋ ಎಂದು ಒಬ್ಬ ಹುಡುಗನೂ ನಮ್ಮನ್ನು ಕೇಳಿಲ್ಲ, ಕೇಳುವ ಹಾಗೆ ನಾವೂ ಬೆಳೆಸಲಿಲ್ಲ. ಕಪಾಟಿನಲ್ಲಿ ಪುಸ್ತಕಗಳಿದ್ದವು, ಹರಿಯುತ್ತವೆ ಎಂಬ ಹೆದರಿಕೆಗೆ ಕೀಲಿ ಹಾಕಿದ್ದೆವು. ತಪಾಸಣೆಗೆ ಬಂದವರಿಗೆ ಪುಸ್ತಕಗಳ ಲೆಕ್ಕ ತಾಳೆಯಾಗಬೇಕಲ್ಲ!

ಆದ್ದರಿಂದ ಕೇಳಿ. ಆ ಹುಡುಗನನ್ನು ಹಿಂದೆ ಹಿಡಿದದ್ದು ಕನ್ನಡವಲ್ಲ, ಕನ್ನಡದಲ್ಲೂ ಅವನಿಗೆ ಓದಲು ಕಲಿಸದೇ ಇದ್ದದ್ದು. ಈ ರೋಗ ಇಂಗ್ಲಿಷ್ ಶಾಲೆಗೆ ಹೋದರೆ ವಾಸಿಯಾಗುತ್ತದೆಯೇ? ಅಲ್ಲೂ ಬಿಟ್ಟ ಸ್ಥಳವನ್ನೇ ತುಂಬಿಸುತ್ತಾರೆ, ಇಂಗ್ಲಿಷಿನಲ್ಲಿ ತುಂಬಿಸುತ್ತಾರೆ ಅಷ್ಟೆ. ನಮ್ಮ ತಾಲೂಕಿನ ಸುತ್ತಮುತ್ತ ಹೊಸದಾಗಿ ಎದ್ದ ಅಂಥ ಶಾಲೆಗಳಲ್ಲಿ ಕಲಿಸುವ ಹುಡುಗಿಯರನ್ನು ನಾವು ಬಲ್ಲೆವು. ಪಾಪ, ಕಡಿಮೆ ಸಂಬಳಕ್ಕೆ ದುಡಿಯುತ್ತಾರೆ, ಅವರಲ್ಲೂ ಕೆಲವರು ನಮ್ಮ ಶಾಲೆಯಲ್ಲಿ ಕಲಿತವರೇ. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮಹಾರಾಷ್ಟ್ರದಲ್ಲಿ 2000ದಿಂದ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಒಂದನೆಯ ತರಗತಿಯಿಂದ ಇಂಗ್ಲಿಷ್ ಇದೆ. ನಮ್ಮ ಮಕ್ಕಳು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಓದುತ್ತಾರೆ. ಮೂರು ಲಿಪಿ ತಲೆಯಲ್ಲಿ ಇಟ್ಟುಕೊಂಡ ಮಗುವಿಗೆ ಭಾಷೆ ಬರುವುದಿಲ್ಲ ಅನ್ನುವ ಧೈರ್ಯ ನಮಗಂತೂ ಇಲ್ಲ.

ಇನ್ನೊಂದು ಕಡೆಯ ಜನರಿಗೂ ಎರಡು ಮಾತು ಹೇಳಬೇಕು. ಬಿಡಬೇಡ, ಛಲ ಇರಲಿ, ಇಂದು ಸೋತವನೇ ನಾಳೆ ಗೆಲ್ಲುತ್ತಾನೆ ಎಂದು ವೇದಿಕೆಯಿಂದ ಹೇಳಿ ಇಳಿದು ಹೋಗುವವರಿಗೆ. ಇವರು ಮುಖಂಡರಷ್ಟೇ ಅಪಾಯ. ಛಲ ಛಲ ಅಂತ ಎರಡನೆಯ ಸಲ ಇವನು ಮಾಡಿದ್ದೇನು ಗೊತ್ತೇ? ಮೊದಲ ವರ್ಷ ಓದಿದ ಅದೇ ದಪ್ಪ ಗೈಡನ್ನು ಮತ್ತೆ ಮೊದಲ ಪುಟದಿಂದ ಓದಲು ಕೂತಿದ್ದ. ರಾತ್ರಿ ಒಂದರವರೆಗೆ. ಅದನ್ನು ನೋಡಿ ಮನೆಯವರಿಗೆಲ್ಲ ಹೆಮ್ಮೆ. ನಾವು ಗೈಡನ್ನು ಕಸಿದುಕೊಂಡು ಬಂದೆವು (ಇನ್ನೂ ನಮ್ಮಲ್ಲೇ ಇದೆ, ತೂಕಕ್ಕೆ ಹಾಕಬೇಕು). ನೀರು ಬೀಳದ ಬೋರ್‌ವೆಲ್ಲನ್ನು ಅದೇ ಜಾಗದಲ್ಲಿ ನಾಲ್ಕು ಸಲ ಕೊರೆಸಿದವನನ್ನು ಛಲವಂತ ಅಂತ ಯಾರಾದರೂ ಕರೆಯುತ್ತಾರೇನು?

ಅವನ ಅಂಕಿ ಏರಿದ್ದು ಪ್ರತಿ ಸಲ ಒಂದೊಂದು ಬದಲಿಸಿದ್ದಕ್ಕೆ. ಎರಡನೆಯ ಸಲ ಪ್ರಶ್ನೆ ಬಿಡುವುದನ್ನು ಕಲಿತ. ಗಣಿತದಲ್ಲಿ ಶೇಕಡಾವಾರು, ಅನುಪಾತ, ವೇಗ ಮತ್ತು ದೂರ ಇಂಥ ಅಂಕಗಣಿತವನ್ನೇ ಗಟ್ಟಿ ಮಾಡಿಕೊಂಡ. ಅದೆಲ್ಲ ಅವನು ಕನ್ನಡದಲ್ಲಿ ಕಲಿತದ್ದೇ, ಅದೇ ಅವನಿಗೆ ಅನ್ನ ಹಾಕಿತು. ಮೂರನೆಯ ಸಲ ಓದು. ದಿನಕ್ಕೆ ಒಂದು ಕನ್ನಡ ಲೇಖನ, ಒಂದು ಇಂಗ್ಲಿಷ್ ಲೇಖನ. ಓದಿದ ಮೇಲೆ ಪುಸ್ತಕ ಮುಚ್ಚಿ, ಬರೆದವನು ಏನು ಹೇಳಿದ, ಯಾರ ವಿರುದ್ಧ ಹೇಳಿದ, ಎಲ್ಲಿ ಜಾರಿದ ಎಂದು ಮೂರು ಸಾಲು ಕನ್ನಡದಲ್ಲಿ ಬರೆಯಬೇಕು. ಕನ್ನಡದಲ್ಲೇ ಯಾಕೆ ಅಂದರೆ, ಅರ್ಥವಾಗಿದೆಯೋ ಇಲ್ಲವೋ ಎಂದು ಅಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆಸಿದರೆ ಅಲ್ಲಿಯ ಪದಗಳನ್ನೇ ಇಲ್ಲಿಗೆ ಇಳಿಸಿಬಿಡುತ್ತಾನೆ. ಆ ನೋಟ್‌ಬುಕ್ಕುಗಳು ನಾಲ್ಕು ತುಂಬಿವೆ. ಇಂಗ್ಲಿಷ್ ಭಾಗದಲ್ಲಿ 12 ಇದ್ದದ್ದು 36, 61, ಈಗ 78. ನಾಲ್ಕನೆಯ ಸಲ ಮಾದರಿ ಪರೀಕ್ಷೆಗಳು: ಎರಡು ತಾಸು ಬರೆದು, ಆಮೇಲೆ ನಾಲ್ಕು ತಾಸು ತಪ್ಪು ಹುಡುಕುವುದು. ತಪ್ಪಿನ ಪಟ್ಟಿಯಲ್ಲಿ ಮೂರು ಕಾಲಂ ಹಾಕಿಸಿದೆವು. ಗೊತ್ತಿರಲಿಲ್ಲ, ಗೊತ್ತಿತ್ತು ಅವಸರ ಮಾಡಿದೆ, ಬಿಡಬೇಕಿತ್ತು ಬಿಡಲಿಲ್ಲ. ಮೂರನೆಯ ಕಾಲಂ ಕೊನೆಯವರೆಗೂ ಖಾಲಿ ಆಗಲಿಲ್ಲ ಅನ್ನಿ. ಹಠದ ಹುಡುಗ.

ಕ್ಲಾಸಿಗೆ ಯಾಕೆ ಕಳಿಸಲಿಲ್ಲ ಎಂದು ಕೇಳುವವರು ಇದ್ದಾರೆ. ಪುಣೆಯ ಒಂದು ಕಡೆ ಐವತ್ತು ಸಾವಿರ ಹೇಳಿದರು, ಅಲ್ಲಿ ಇರುವ ಖರ್ಚು ಬೇರೆ. ಪರೀಕ್ಷೆಯ ಫೀ ಒಂದನ್ನೇ ಲೆಕ್ಕ ಹಾಕಿ ನೋಡಿ. 2022ರಲ್ಲಿ 2,300 ರೂಪಾಯಿ, 2023ರಲ್ಲಿ 2,400, 2024ರಲ್ಲಿ 2,500, 2025ರಲ್ಲಿ 2,600. ಹುಡುಗ ಏರಿದ ಹಾಗೆ ಫೀಯೂ ವರ್ಷಕ್ಕೆ ನೂರರಂತೆ ಏರಿದೆ. ನಾಲ್ಕು ಸಲಕ್ಕೆ 9,800. ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಇದರ ಅರ್ಧ, ಉಳಿದ ಯಾರಿಗೂ ರಿಯಾಯಿತಿ ಇಲ್ಲ, ಮನೆಯಲ್ಲಿ ಎಷ್ಟೇ ಬಡತನ ಇರಲಿ. ಅಂಕ ಒಂದು ವರ್ಷಕ್ಕೆ ಮಾತ್ರ ನಡೆಯುತ್ತದೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ, ಮತ್ತೆ ಫೀ. ಎಷ್ಟು ಸಲ ಬೇಕಾದರೂ ಬರೆಯಬಹುದು ಎಂಬ ನಿಯಮ ಕೇಳಲು ಚೆಂದ. ಎಷ್ಟು ಸಲ ಎನ್ನುವುದನ್ನು ನಿಜವಾಗಿ ತೀರ್ಮಾನಿಸುವುದು ಮನೆಯ ಕಿಸೆ.

ಕಿಸೆ ಮಾತ್ರವಲ್ಲ. ಇವನ ಜೊತೆಗೇ ಏಳನೆಯ ತರಗತಿ ಮುಗಿಸಿದ ಒಬ್ಬಳು ಹುಡುಗಿ ಇದ್ದಳು. ಲೆಕ್ಕದಲ್ಲಿ ಇವನಿಗಿಂತ ಒಂದು ಕೈ ಮೇಲೆ. ಇವನು ಕರಿಹಲಗೆಯ ಮುಂದೆ ನಿಂತು ತಲೆ ಕೆರೆದುಕೊಳ್ಳುವಾಗ ಅವಳು ಕೂತಲ್ಲೇ ಉತ್ತರ ಹೇಳಿಬಿಡುತ್ತಿದ್ದಳು. ಅವಳೂ ಬಿ.ಕಾಂ. ಸೇರಿದ್ದಳು, ಎರಡನೆಯ ವರ್ಷ ಮದುವೆ ಮಾಡಿ ಕಳಿಸಿದರು. ಹುಡುಗನ ನಾಲ್ಕು ಪ್ರಯತ್ನಗಳಿಗೆ ಊರು ಆಡಿಕೊಂಡು ನಕ್ಕಿತು ಅಂತ ನಾವು ಸಿಟ್ಟು ಮಾಡುತ್ತಿದ್ದೇವೆ. ಆಕೆಗೆ ಒಂದು ಸಲ ಬಿದ್ದು ತೋರಿಸುವ ಅವಕಾಶವೂ ಸಿಗಲಿಲ್ಲ. ಈ ಲೇಖನ ಬರೆಯುವಾಗ ಎರಡು ಸಲ ಪೆನ್ನು ನಿಂತದ್ದು ಇಲ್ಲೇ.

ಇನ್ನು ಪರೀಕ್ಷೆ ನಡೆಸುವವರ ಪಾಲಿನದು. ಮೂರು ಭಾಗಗಳಲ್ಲಿ ಒಂದು ಇಂಗ್ಲಿಷಿನದು, ಸರಿ. ಮ್ಯಾನೇಜ್‌ಮೆಂಟ್ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಇಂಗ್ಲಿಷ್ ಬರುತ್ತದೋ ನೋಡಿಕೊಳ್ಳಲಿ, ನಮ್ಮ ತಕರಾರಿಲ್ಲ. ಆದರೆ ಉಳಿದ ಎರಡು ಭಾಗ? ತರ್ಕದ ಪ್ರಶ್ನೆಯೊಂದರಲ್ಲಿ ಅರ್ಧ ಪುಟ ಷರತ್ತುಗಳಿರುತ್ತವೆ. ಯಾರು ಯಾರ ಪಕ್ಕ ಕೂರಬಾರದು, ಯಾವ ಅಂಗಡಿ ಯಾವ ದಿನ ಎಷ್ಟು ಮಾರಿತು, ಹೀಗೆ. ನಮ್ಮ ಹುಡುಗ ಅದನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡು, ಬಿಡಿಸಿ, ಮತ್ತೆ ಇಂಗ್ಲಿಷಿಗೆ ಹೋಗಿ ಉತ್ತರ ಒತ್ತಬೇಕು. ಸಮಯ ಎಲ್ಲರಿಗೂ ನಲವತ್ತೇ ನಿಮಿಷ. 2008ರವರೆಗೆ ಕಾಗದದ ಮೇಲೆ ಪರೀಕ್ಷೆ ಇದ್ದಾಗ ಗಟ್ಟಿ ಇರುವ ಭಾಗವನ್ನು ಮೊದಲು ಮಾಡಿಕೊಳ್ಳಬಹುದಿತ್ತು. 2015ರಿಂದ ಒಂದೊಂದು ಭಾಗಕ್ಕೂ ಸಮಯದ ಬೀಗ. ಮೊದಲು ಇಂಗ್ಲಿಷೇ. ಹೆದರುವ ಹುಡುಗನನ್ನು ಮೊದಲು ಹೆದರಿಸಿ, ಆಮೇಲೆ ಲೆಕ್ಕ ಮಾಡು ಅನ್ನುತ್ತಾರೆ.

ಬೇರೆ ಭಾಷೆಯಲ್ಲಿ ಕೊಡಲು ಆಗುವುದಿಲ್ಲ ಎನ್ನುವ ಹಾಗಿಲ್ಲ. ವೈದ್ಯಕೀಯಕ್ಕೆ ಬರೆಯುವ ನೀಟ್ 2017ರಿಂದ ಕನ್ನಡದಲ್ಲೂ ಇದೆ. ಇಂಜಿನಿಯರಿಂಗಿನ ಜೆ.ಇ.ಇ. ಮೇನ್ 2021ರಿಂದ ಕನ್ನಡದಲ್ಲೂ ಇದೆ. ಐ.ಎ.ಎಸ್. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ಜಿಲ್ಲಾಧಿಕಾರಿ ಆಗಬಹುದು. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಕನ್ನಡದಲ್ಲಿ ನಡೆಯುತ್ತದೆಯೇ? ಇಲ್ಲ. ಆದರೂ ಪ್ರವೇಶಕ್ಕೆ ಕನ್ನಡ ನಡೆಯುತ್ತದೆ. ಹೊಟ್ಟೆ ಕೊಯ್ಯುವವನನ್ನು ಕನ್ನಡದಲ್ಲಿ ಪರೀಕ್ಷಿಸಬಹುದಂತೆ, ಟವೆಲ್ ಮಾರುವ ಕಂಪನಿ ನಡೆಸುವವನ ಲೆಕ್ಕವನ್ನು ಮಾತ್ರ ಇಂಗ್ಲಿಷಿನಲ್ಲೇ ಪರೀಕ್ಷಿಸಬೇಕಂತೆ! ಗಣಿತ ಮತ್ತು ತರ್ಕ, ಈ ಎರಡು ಭಾಗವನ್ನು ಮಕ್ಕಳ ಭಾಷೆಯಲ್ಲಿ ಕೊಡಿ ಎಂದು ಕೇಳುವುದು ಭಿಕ್ಷೆಯಲ್ಲ. ಇದನ್ನು ನಮ್ಮ ಕನ್ನಡ ಸಂಘಗಳು ಎತ್ತಿಕೊಳ್ಳಬೇಕು. ರಾಜ್ಯೋತ್ಸವಕ್ಕೆ ಧ್ವಜ ಹಾರಿಸಿದಷ್ಟೇ ಉತ್ಸಾಹದಿಂದ ಒಂದು ಮನವಿ ಪತ್ರ ಬರೆದರೂ ಸಾಕು. ಬೆಂಗಳೂರಿನ ಸಂಘಟನೆಗಳು ನಮ್ಮನ್ನು ಗಡಿನಾಡ ಕನ್ನಡಿಗರೆಂದು ವರ್ಷಕ್ಕೊಮ್ಮೆ ನೆನೆಯುತ್ತವೆ. ಇಂಥ ಕಡೆ ನೆನೆದರೆ ಉಪಯೋಗವಾದೀತು.

ಹಾಗೆಂದು ಕನ್ನಡದಲ್ಲಿ ಬರುವವರೆಗೆ ಬರೆಯಬೇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಬರುವಷ್ಟರಲ್ಲಿ ಇವನ ಮಗ ಬರೆಯುವ ವಯಸ್ಸಿಗೆ ಬಂದಿರುತ್ತಾನೆ.

ಎಷ್ಟು ಸಲ ಬರೆಯಬೇಕು ಅನ್ನುವ ಪ್ರಶ್ನೆಗೆ ನಮ್ಮ ಉತ್ತರ ಒರಟಾಗಿದೆ. ಈ ವರ್ಷ ಏನು ಬದಲಿಸುತ್ತೀ ಎಂದು ಕೇಳಿದರೆ ಹುಡುಗನ ಹತ್ತಿರ ಉತ್ತರ ಇರುವವರೆಗೆ ಬರೆಯಲಿ. ಉತ್ತರ ಇಲ್ಲದ ವರ್ಷ ನಿಲ್ಲಿಸಲಿ, ಅದು ಎರಡನೆಯ ವರ್ಷವೇ ಆಗಿರಲಿ. ಕೈಯಲ್ಲಿ ಒಂದು ಕೆಲಸ ಇಟ್ಟುಕೊಂಡೇ ಬರೆಯಲಿ. ಐ.ಐ.ಎಂ. ಬೆಂಗಳೂರಿನಂಥ ಕಡೆ ಕೆಲಸದ ಅನುಭವಕ್ಕೂ ಸ್ವಲ್ಪ ತೂಕ ಇದೆ, ಆದ್ದರಿಂದ ಟವೆಲ್ ಕಾರಖಾನೆಯ ವರ್ಷಗಳು ನೀರಿಗೆ ಹೋಗುವುದಿಲ್ಲ. ಒಂದೇ ಬಾಗಿಲ ಮುಂದೆ ಕೂರಬಾರದು. ನಮ್ಮ ರಾಜ್ಯದ ಎಂ.ಬಿ.ಎ. ಸಿ.ಇ.ಟಿ.ಯ ಮಾದರಿ ಬೇರೆ: ಎರಡೂವರೆ ತಾಸಿನಲ್ಲಿ 200 ಪ್ರಶ್ನೆ, ಅದರಲ್ಲಿ ಶುದ್ಧ ಇಂಗ್ಲಿಷಿನವು 50 ಮಾತ್ರ, ತಪ್ಪಿಗೆ ಅಂಕ ಕಡಿತ ಇಲ್ಲ. ಅಲ್ಲಿ ನಮ್ಮ ಹಳೆಯ ಮಾತೇ ಸರಿ, ಒಂದೂ ಬಿಡಬಾರದು! ಮುಂಬಯಿಯ ಜಮನಾಲಾಲ್ ಬಜಾಜ್ ಸಂಸ್ಥೆಯಂಥ ಒಳ್ಳೆಯ ಕಡೆ ಇದರಿಂದಲೂ ಸೇರಬಹುದು. ಕ್ಯಾಟ್‌ಗೆ ಓದಿದವನಿಗೆ ಇದಕ್ಕೆ ಬೇರೆ ಓದು ಹೆಚ್ಚು ಬೇಕಿಲ್ಲ.

ಒಂದು ಕಹಿ ಮಾತು ಪಾಲಕರಿಗೂ ಮಕ್ಕಳಿಗೂ ಗೊತ್ತಿರಬೇಕು. ಎಷ್ಟು ಸಲ ಬರೆದರೂ ಸರಿಪಡಿಸಲಾಗದ್ದು ಒಂದಿದೆ. ಐ.ಐ.ಎಂ. ಬೆಂಗಳೂರು ಮತ್ತು ಇನ್ನೂ ಕೆಲವು ಸಂಸ್ಥೆಗಳು ಕ್ಯಾಟ್ ಅಂಕದ ಜೊತೆ ಹತ್ತನೆಯ, ಹನ್ನೆರಡನೆಯ ತರಗತಿಯ ಅಂಕಗಳನ್ನೂ ತೂಗುತ್ತವೆ. ಹದಿನೈದು ವರ್ಷದ ಹುಡುಗ ತಂದೆಯ ಜೊತೆ ಕಬ್ಬು ಕಡಿಯಲು ಹೋಗಿ ಕಳೆದುಕೊಂಡ ಅಂಕ ಇಪ್ಪತ್ತೈದರಲ್ಲಿ ಬಂದು ಕಾಡುತ್ತದೆ. ನಮ್ಮ ಹುಡುಗನಿಗೆ ಹನ್ನೆರಡರಲ್ಲಿ 64 ಶೇಕಡಾ. ಇದನ್ನು ಅವನಿಗೆ ನಾವು ಎರಡನೆಯ ಸಲದ ನಂತರವೇ ಹೇಳಿದ್ದೆವು. ಅವನು ಬೆಂಗಳೂರಿನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ, ಹಳೆಯ ಅಂಕಕ್ಕೆ ಅಷ್ಟು ತೂಕ ಕೊಡದ ಸಂಸ್ಥೆಗಳನ್ನು ಹುಡುಕಿ ಬರೆದುಕೊಂಡ. ಬೆಂಗಳೂರಿಗೆ ಹೋಗಬೇಕು ಅನ್ನುವುದು ನಮ್ಮ ಕಡೆಯ ಎಲ್ಲ ಕನ್ನಡ ಮಕ್ಕಳ ಆಸೆ. ಹೊಡೆದುಹಾಕುವಾಗ ಅವನ ಮುಖ ನಾವು ನೋಡಲಿಲ್ಲ, ಬೇಕೆಂದೇ ಕಿಟಕಿಯ ಕಡೆ ತಿರುಗಿದ್ದೆವು.

ಈಗ ಮುಖಂಡರಿಗೆ. ನೀವು ತೋರಿಸಿದ ಬೆರಳಿನಿಂದ ನಮ್ಮ ಶಾಲೆಯ ಪಟ ಎರಡು ಇಳಿಯಿತು. ಎರಡೇ ತಾನೇ ಅನ್ನಬೇಡಿ. ಪಟ ಇಳಿದರೆ ಮಾಸ್ತರರ ಹುದ್ದೆ ಇಳಿಯುತ್ತದೆ, ಹುದ್ದೆ ಇಳಿದರೆ ಒಬ್ಬನೇ ಎರಡು ಮೂರು ತರಗತಿ ಸಂಭಾಳಿಸಬೇಕಾಗುತ್ತದೆ, ಆಗ ನೀವೇ ಬಂದು ಪಾಠ ಸರಿ ನಡೆಯುವುದಿಲ್ಲ ಎನ್ನುತ್ತೀರಿ. ಗಡಿಯ ಈಚೆ ಒಂದು ಕನ್ನಡ ಶಾಲೆ ಮುಚ್ಚಿದರೆ ಅದು ಮತ್ತೆ ತೆರೆದದ್ದನ್ನು ನಾವಂತೂ ನೋಡಿಲ್ಲ. ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇವೆ. ಹುಡುಗ 34ರಿಂದ 90ಕ್ಕೆ ಬಂದದ್ದನ್ನೂ ಅದೇ ಮೈಕಿನಲ್ಲಿ ಒಂದು ಸಲ ಹೇಳಿ. ನಮ್ಮ ತಪ್ಪುಗಳನ್ನೂ ಹೇಳಿ, ಮೇಲೆ ಎಲ್ಲ ಬರೆದುಕೊಟ್ಟಿದ್ದೇವೆ.

ಕಪಾಟಿನ ಕೀಲಿ ತೆಗೆದು ಒಂದು ವರ್ಷವಾಗುತ್ತ ಬಂತು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಆರು ಮತ್ತು ಏಳನೆಯ ತರಗತಿಯ ಮಕ್ಕಳಿಗೆ ಒಂದು ತಾಸು ಓದು ಇಟ್ಟಿದ್ದೇವೆ. ಪೇಪರಿನ ಒಂದು ತುಂಡು ಕೊಡುತ್ತೇವೆ, ಬರೆದವರು ಯಾರ ಮೇಲೆ ಸಿಟ್ಟಾಗಿದ್ದಾರೆ, ಆ ಸಿಟ್ಟು ಸರಿಯೋ ಎಂದು ಕೇಳುತ್ತೇವೆ. ಮೊದಲ ತಿಂಗಳು ಎಲ್ಲರೂ ಸುಮ್ಮನೆ ಕೂತರು. ಆಮೇಲೆ ಬೋರ್‌ವೆಲ್ ಬೇಡ ಎಂದು ಬರೆದ ಒಂದು ಪತ್ರಕ್ಕೆ ಏಳನೆಯ ತರಗತಿಯ ಒಬ್ಬಳು ಎದ್ದು ನಿಂತು, "ಇವರ ಹೊಲಕ್ಕ ಕಾಲುವಿ ನೀರ ಬರತಿರಬೇಕ್ರಿ ಸರ್, ಅದಕ್ಕ ಹಿಂಗ ಬರದಾರ" ಅಂದಳು. ರಜೆ ಇದ್ದ ವಾರ ಆ ಹುಡುಗನೂ ಬಂದು ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕೂರುತ್ತಾನೆ. ಐದನೆಯ ಸಲ ಬರೆಯುತ್ತೀಯಾ ಎಂದು ಕೇಳಿದೆವು. ಏನು ಬದಲಿಸುತ್ತೇನೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದ.

ದಾಖಲೆ ಒಯ್ದ ಆ ಎರಡು ಮಕ್ಕಳ ಪಾಲಕರು ಇದನ್ನು ಓದಿದರೆ ಒಂದು ಶನಿವಾರ ಅವರನ್ನು ಕಳಿಸಿ. ಹೆಸರು ಹಚ್ಚಲೇಬೇಕು ಅಂತಿಲ್ಲ. ಸುಮ್ಮನೆ ಬಂದು ಕೂತರೂ ನಡೆದೀತು.